ಮೊದಲು ಕಾಲೇಜು ಗೊತ್ತುಮಾಡಿ, ಆಮೇಲೆ ಕ್ರೆಡಿಟ್ ಕೂಡಿಸಿ

ಪ್ರಶ್ನೆ: ನಾನು ದಾವಣಗೆರೆಯವಳು. 2005ರಿಂದ 2007ರವರೆಗೆ ಅಲ್ಲಿಯೇ ಬಿ.ಕಾಂ. ಎರಡು ವರ್ಷ ಓದಿದೆ. ಮೂರನೆಯ ವರ್ಷ ಶುರುವಾಗುವ ಮೊದಲೇ ಮದುವೆಯಾಗಿ ಅಮೆರಿಕಕ್ಕೆ ಬಂದೆ. ಈಗ ಮಕ್ಕಳೊಂದಿಗೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ, ಕಳೆದ ವರ್ಷ ಗ್ರೀನ್ ಕಾರ್ಡ್ ಬಂದಿದೆ. ಒಂದು ಸಗಟು ದಿನಸಿ ಕಂಪನಿಯಲ್ಲಿ ಆರು ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಮೇಲಿನ ಹುದ್ದೆ ಖಾಲಿಯಾದಾಗ ಪದವಿ ಇಲ್ಲವೆಂಬ ಒಂದೇ ಕಾರಣಕ್ಕೆ ಬೇರೆಯವರಿಗೆ ಕೊಟ್ಟರು. ಆರು ತಿಂಗಳಲ್ಲಿ, ಐದು ಸಾವಿರ ಡಾಲರಿನೊಳಗೆ ಬಿಸಿನೆಸ್ ಪದವಿ ಪಡೆಯಬಹುದು ಎಂದು ಎಲ್ಲೆಡೆ ಹೇಳುತ್ತಾರೆ. ಇದು ನಿಜವೇ, ಮೋಸವೇ? ನನ್ನ ಹಳೆಯ ಬಿ.ಕಾಂ. ಪ್ರಯೋಜನಕ್ಕೆ ಬರುತ್ತದೆಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ದಾರಿ ನಿಜ. ಆರು ತಿಂಗಳು ಮತ್ತು ಐದು ಸಾವಿರ ಎಂಬ ಲೆಕ್ಕ ಕೆಲವರಿಗೆ ಮಾತ್ರ ನಿಜ. ಮನೆ, ಮಕ್ಕಳು, ಕೆಲಸ ಮೂರನ್ನೂ ತೂಗಿಸಿಕೊಂಡು ಓದುವ ನಿಮಗೆ ಒಂದೂಕಾಲು ವರ್ಷದಿಂದ ಒಂದೂವರೆ ವರ್ಷ ಹಿಡಿಯುತ್ತದೆ, ಎಂಟು ಸಾವಿರ ಡಾಲರಿನ ಆಸುಪಾಸು ಖರ್ಚಾಗುತ್ತದೆ ಎಂದಿಟ್ಟುಕೊಂಡು ಹೊರಡಿ. ಅದರಲ್ಲಿಯೂ ದೊಡ್ಡ ಪಾಲು ನಿಮ್ಮ ಕೈಯಿಂದ ಹೋಗದಿರುವ ಸಾಧ್ಯತೆಯಿದೆ. ಅದನ್ನು ಮುಂದೆ ಹೇಳುತ್ತೇನೆ.

ಅಮೆರಿಕದ ಒಂದು ಕಾಲೇಜಿನಲ್ಲಿ, ಬೇರೆಡೆ ಓದಿ ಬಂದವರ ಕ್ರೆಡಿಟ್‌ಗಳನ್ನು, ಅಂದರೆ ಓದಿನ ಪ್ರಮಾಣ ಅಳೆಯುವ ಘಟಕಗಳನ್ನು, ಪರಿಶೀಲಿಸುವ ಮೇಜಿನಲ್ಲಿ ನಾನು ಹಲವು ವರ್ಷ ಕುಳಿತಿದ್ದೇನೆ. ಅಲ್ಲಿ ಕಂಡ ಒಂದು ಪ್ರಸಂಗ ಹೇಳಿದರೆ ಈ ವ್ಯವಸ್ಥೆ ಹೇಗೆ ನಡೆಯುತ್ತದೆಂದು ನಿಮಗೆ ಬೇಗ ತಿಳಿಯುತ್ತದೆ.

ಒಬ್ಬ ಯುವಕ ಬಂದ. ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತ, ನಾಲ್ಕು ತಿಂಗಳಲ್ಲಿ ಹದಿನೆಂಟು ಆನ್‌ಲೈನ್ ಕೋರ್ಸ್ ಮುಗಿಸಿದ್ದ. ಕೋರ್ಸಿಗೆ ಮೂರರಂತೆ 54 ಕ್ರೆಡಿಟ್. ಅರ್ಧ ಪದವಿ ಕೈಗೆ ಬಂದಂತೆಯೇ ಎಂದು ಅವನ ಮುಖ ಹೇಳುತ್ತಿತ್ತು. ಅವನ ಪಟ್ಟಿಯನ್ನು ನಮ್ಮ ಕಾಲೇಜಿನ ಪದವಿ ನಕ್ಷೆಯ (ಪದವಿಗೆ ಯಾವ ಯಾವ ಕೋರ್ಸು ಬೇಕೆಂದು ತೋರಿಸುವ ಹಾಳೆಯ) ಪಕ್ಕದಲ್ಲಿಟ್ಟು ಒಂದೊಂದೇ ಸಾಲಿಗೆ ಗೆರೆ ಎಳೆಯುತ್ತ ಹೋದೆ. ಮ್ಯಾನೇಜ್‌ಮೆಂಟ್ ತತ್ವಗಳು ಎಂಬ ವಿಷಯವನ್ನು ಕೋರ್ಸಾಗಿಯೂ ಓದಿದ್ದ, ಪರೀಕ್ಷೆಯಾಗಿಯೂ ಬರೆದಿದ್ದ. ಒಂದಕ್ಕೆ ಮಾತ್ರ ಲೆಕ್ಕ. ಮಾನವಿಕ ವಿಷಯಗಳಿಗೆ ನಮ್ಮಲ್ಲಿ ಎರಡೇ ಕೋರ್ಸಿಗೆ ಜಾಗ, ಅವನು ಐದು ಮುಗಿಸಿದ್ದ. ಐಚ್ಛಿಕ ವಿಷಯಗಳ ಖಾನೆ ತುಂಬಿ ಹೊರಗೆ ಚೆಲ್ಲಿತ್ತು. ನಮಗೆ ಬೇಕಾಗಿದ್ದ ಸಂಖ್ಯಾಶಾಸ್ತ್ರ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಕೊನೆಗೆ ಪದವಿಗೆ ಸಂದದ್ದು 36 ಕ್ರೆಡಿಟ್. ಆರು ಕೋರ್ಸಿನ ರಾತ್ರಿಗಳು ವ್ಯರ್ಥವಾದವು. ಅವನು ಸೋಮಾರಿಯಲ್ಲ, ದಡ್ಡನೂ ಅಲ್ಲ. ಯಾವ ಮನೆಗೆ ಸಾಮಾನು ಎಂದು ಗೊತ್ತುಮಾಡಿಕೊಳ್ಳದೆ ಸಂತೆಗೆ ಹೋಗಿದ್ದ, ಅಷ್ಟೆ.

ನಿಮಗೆ ಹೇಳಬೇಕಾದ ಮುಖ್ಯ ಮಾತು ಇದೇ. ಹೊರಗೆ ಗಳಿಸಿದ ಕ್ರೆಡಿಟ್‌ಗೆ ಸ್ವಂತ ಬೆಲೆಯಿಲ್ಲ. ಪದವಿ ಕೊಡುವ ಕಾಲೇಜು ಎಷ್ಟನ್ನು, ಯಾವ ಖಾನೆಗೆ ಒಪ್ಪಿಕೊಳ್ಳುತ್ತದೆಯೋ ಅಷ್ಟೇ ಅದರ ಬೆಲೆ. ಆದ್ದರಿಂದ ಕಾಲೇಜು ಮೊದಲು, ಕ್ರೆಡಿಟ್ ಆಮೇಲೆ. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ.

ಇಲ್ಲಿನ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಒಂದು ಕೋರ್ಸಿಗೆ ಮೂರು ಕ್ರೆಡಿಟ್ ಎಂದರೆ ಸುಮಾರು ನಲವತ್ತು ಕೋರ್ಸು. ಇವನ್ನೆಲ್ಲ ಒಂದೇ ಕಾಲೇಜಿನ ತರಗತಿಯಲ್ಲಿ ಕುಳಿತೇ ಗಳಿಸಬೇಕೆಂಬ ನಿಯಮವಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸೇನೆಯಲ್ಲಿ ಕಲಿತ ವಿದ್ಯೆಯನ್ನು ಕಾಲೇಜು ಲೆಕ್ಕಕ್ಕೆ ತರುವುದು ಹೇಗೆ ಎಂಬ ಪ್ರಶ್ನೆ ಎದ್ದಾಗ, 1918ರಲ್ಲಿ ಹುಟ್ಟಿದ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಎಂಬ ಸಂಸ್ಥೆ ಆ ತರಬೇತಿಗಳನ್ನು ತೂಗಿ, ಇದಕ್ಕೆ ಇಷ್ಟು ಕ್ರೆಡಿಟ್ ಕೊಡಬಹುದು ಎಂದು ಶಿಫಾರಸು ಮಾಡತೊಡಗಿತು. ಮುಂದೆ ಕಂಪನಿಗಳ ತರಬೇತಿ, ಆನ್‌ಲೈನ್ ಕೋರ್ಸುಗಳಿಗೂ ಅದೇ ತಕ್ಕಡಿ ಬಂತು. ಇಲ್ಲಿ 'ಎಸಿಇ ಕ್ರೆಡಿಟ್' ಎನ್ನುವುದು ಇದನ್ನೇ. ಅದು ಶಿಫಾರಸು ಎಂಬುದನ್ನು ಮರೆಯಬೇಡಿ. ಒಪ್ಪಲೇಬೇಕೆಂಬ ಕಟ್ಟಳೆ ಯಾವ ಕಾಲೇಜಿಗೂ ಇಲ್ಲ.

ನಿಮ್ಮ ಮುಂದೆ ಈಗ ಮೂರು ಮೂಲಗಳಿವೆ: ಹಳೆಯ ಬಿ.ಕಾಂ., ಪರೀಕ್ಷೆಗಳು, ಆನ್‌ಲೈನ್ ಕೋರ್ಸುಗಳು. ಬಿ.ಕಾಂ. ಅನ್ನು ಮೊದಲಿಗೆ ಎತ್ತಿಕೊಳ್ಳುತ್ತೇನೆ. ನಮ್ಮ ಜನ ಇದನ್ನೇ ಅತಿ ಕಡಿಮೆ ಬೆಲೆಗೆ ಬಿಟ್ಟುಬಿಡುತ್ತಾರೆ.

'ಅರ್ಧಕ್ಕೆ ನಿಂತ ಓದು' ಎಂಬ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಇಲ್ಲಿಯ ಪದ್ಧತಿಯಲ್ಲಿ ಪಾಸಾದ ಪ್ರತಿ ವಿಷಯವೂ ತನ್ನ ಪಾಲಿಗೆ ತಾನೇ ನಿಲ್ಲುತ್ತದೆ. ಪದವಿ ಮುಗಿಯದಿದ್ದರೂ ವಿಷಯ ಸಾಯುವುದಿಲ್ಲ. ಒಂದು ಪೂರ್ಣ ವರ್ಷದ ಓದಿಗೆ ಇಲ್ಲಿ ಸುಮಾರು 30 ಕ್ರೆಡಿಟ್ ಎಂಬ ಅಳತೆ ಇರುವುದರಿಂದ, ಎರಡು ವರ್ಷಕ್ಕೆ ಕಾಗದದ ಮೇಲೆ 60ರ ಹತ್ತಿರ ಬರಬಹುದು. ಅದರಲ್ಲಿ ಪದವಿ ನಕ್ಷೆಗೆ ಕೂರುವುದು 40 ಅಥವಾ 45 ಎಂದಿಟ್ಟುಕೊಳ್ಳಿ. ಅಷ್ಟು ಸಿಕ್ಕರೂ ಮೂರನೆಯ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ದಾರಿ ನೀವು ಇಪ್ಪತ್ತು ವರ್ಷಗಳ ಹಿಂದೆಯೇ ನಡೆದು ಮುಗಿಸಿದ್ದೀರಿ. ಆಗ ಓದಿದ ಕನ್ನಡ ಪತ್ರಿಕೆಯನ್ನೂ ಬಿಡಬೇಡಿ. ಪದ್ಯಭಾಗ, ಗದ್ಯಭಾಗ ಎಂದು ಓದಿದ ಆ ಪಠ್ಯ ಇಲ್ಲಿ ಅನ್ಯಭಾಷೆ ಅಥವಾ ಮಾನವಿಕ ಖಾನೆಯಲ್ಲಿ, ಇಲ್ಲವಾದರೆ ಐಚ್ಛಿಕ ಖಾನೆಯಲ್ಲಾದರೂ ಜಾಗ ಪಡೆಯುವುದನ್ನು ನಾನು ಕಂಡಿದ್ದೇನೆ. ಒಬ್ಬ ಅರ್ಜಿದಾರರು ವಾಣಿಜ್ಯ ವಿಷಯಗಳನ್ನು ಮಾತ್ರ ಮುಖ್ಯವೆಂದು ತಿಳಿದು, ಭಾಷಾ ಅಂಕಗಳಿದ್ದ ಹಾಳೆಯನ್ನು ಕಳುಹಿಸಿಯೇ ಇರಲಿಲ್ಲ. ಎರಡು ಕೋರ್ಸಿನ ಕ್ರೆಡಿಟ್ ಮನೆಯ ಕಪಾಟಿನಲ್ಲೇ ಮಲಗಿತ್ತು.

ಇದಕ್ಕೆ ವಿದೇಶಿ ಅಂಕಪಟ್ಟಿ ಮೌಲ್ಯಮಾಪನ ಮಾಡಿಸಬೇಕು. ಇಂಥ ಮೌಲ್ಯಮಾಪನ ಮಾಡುವವರ ಎನ್‌ಎಸಿಇಎಸ್ ಎಂಬ ಒಕ್ಕೂಟದ ಸದಸ್ಯ ಸಂಸ್ಥೆಯಿಂದಲೇ ಮಾಡಿಸಿ. ಡಬ್ಲ್ಯುಇಎಸ್, ಮಿಲ್ವಾಕಿಯ ಇಸಿಇ ಇವೆಲ್ಲ ಅದರಲ್ಲಿವೆ. ಕೇಳುವಾಗ 'ಕೋರ್ಸ್ ಬೈ ಕೋರ್ಸ್' ವರದಿಯನ್ನೇ ಕೇಳಬೇಕು. ಒಟ್ಟು ಎಷ್ಟು ವರ್ಷದ ಓದು ಎಂದಷ್ಟೇ ಹೇಳುವ ಅಗ್ಗದ ವರದಿ ನಿಮಗೆ ಉಪಯೋಗಕ್ಕೆ ಬಾರದು. ಯಾವ ಸಂಸ್ಥೆಯ ವರದಿ ಆದೀತು ಎಂದು ಕಾಲೇಜನ್ನು ಕೇಳಿಕೊಂಡೇ ದುಡ್ಡು ಕಟ್ಟಿ. ಅರವತ್ತು ದಾಟಿದ ಅಂಕ ಇಲ್ಲಿ ಸಾಮಾನ್ಯವಾಗಿ 'ಎ' ದರ್ಜೆಗೆ ಪರಿವರ್ತನೆಯಾಗುತ್ತದೆ. ನಮ್ಮ ಮೌಲ್ಯಮಾಪಕರ ಬಿಗಿ ಕೈ ಅವರಿಗೂ ಗೊತ್ತು. ಆದರೆ ಅಂಚಿನಲ್ಲಿ ಪಾಸಾದ ವಿಷಯ 'ಸಿ'ಗಿಂತ ಕೆಳಗೆ ಬಿದ್ದರೆ ಕಾಲೇಜು ಕ್ರೆಡಿಟ್ ಕೊಡದೆ ಇರಬಹುದು. ಬಾಕಿ ಉಳಿಸಿಕೊಂಡ ವಿಷಯಕ್ಕಂತೂ ಏನೂ ಇಲ್ಲ.

ಇನ್ನೊಂದು ಸೂಕ್ಷ್ಮ. ನೀವು ಓದಿದ್ದು ದಾವಣಗೆರೆಯಲ್ಲಾದರೂ ದಾವಣಗೆರೆ ವಿಶ್ವವಿದ್ಯಾಲಯ ಹುಟ್ಟಿದ್ದು 2009ರಲ್ಲಿ. ನಿಮ್ಮ ಕಾಲದಲ್ಲಿ ಅಲ್ಲಿಯ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಆದ್ದರಿಂದ ನಿಮ್ಮ ದಾಖಲೆ ಹೊರಡಬೇಕಾದುದು ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟದಿಂದ. ಅಂಕಪಟ್ಟಿಯ ತಲೆಬರಹ ನೋಡಿ ಖಚಿತಪಡಿಸಿಕೊಳ್ಳಿ. ಮನೆಯವರು ತಪ್ಪು ಊರಿನ ಪರೀಕ್ಷಾ ವಿಭಾಗದ ಮುಂದೆ ಎರಡು ದಿನ ಕಳೆಯುವುದು ತಪ್ಪುತ್ತದೆ.

ಇನ್ನು ಪರೀಕ್ಷೆಗಳು. ಕಾಲೇಜು ಪ್ರವೇಶಕ್ಕಾಗಿ ಬರೆಯುವ ಎಸ್‌ಎಟಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ 1967ರಿಂದ 'ಕ್ಲೆಪ್' ಎಂಬ ಪರೀಕ್ಷೆಗಳನ್ನು ನಡೆಸುತ್ತಿದೆ. ಮೂವತ್ನಾಲ್ಕು ವಿಷಯಗಳಿವೆ. ಬಿಸಿನೆಸ್ ಪದವಿಗೆ ನೇರವಾಗಿ ಬೇಕಾಗುವವು ಆರೇಳು: ಹಣಕಾಸು ಲೆಕ್ಕಶಾಸ್ತ್ರ, ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ, ಮ್ಯಾನೇಜ್‌ಮೆಂಟ್, ಮಾರ್ಕೆಟಿಂಗ್, ವ್ಯವಹಾರ ಕಾನೂನು, ಮಾಹಿತಿ ವ್ಯವಸ್ಥೆ. ಒಂದೊಂದೂ ತೊಂಬತ್ತು ನಿಮಿಷ. 20ರಿಂದ 80ರ ಅಳತೆಯಲ್ಲಿ 50 ಬಂದರೆ ಹೆಚ್ಚಿನ ಕಡೆ ಮೂರು ಕ್ರೆಡಿಟ್. ಅಂಕ ಆಗಲೇ ಪರದೆಯ ಮೇಲೆ ಬರುತ್ತದೆ. ಶುಲ್ಕ ನೂರು ಡಾಲರಿನ ಆಸುಪಾಸು, ಅದರ ಜೊತೆಗೆ ಪರೀಕ್ಷಾ ಕೇಂದ್ರದ ಸಣ್ಣ ಶುಲ್ಕ. ಮಾಡರ್ನ್ ಸ್ಟೇಟ್ಸ್ ಎಂಬ ದತ್ತಿ ಸಂಸ್ಥೆಯ ಉಚಿತ ಪಾಠಗಳನ್ನು ಮುಗಿಸಿದರೆ ಪರೀಕ್ಷಾ ಶುಲ್ಕದ ವೋಚರ್ ಅವರೇ ಕೊಡುತ್ತಾರೆ. ನಪಾಸಾದರೆ ಮೂರು ತಿಂಗಳು ಕಾದು ಮತ್ತೆ ಬರೆಯಬೇಕು.

ಬಿ.ಕಾಂ. ಓದಿದವರಿಗೆ ಈ ಪರೀಕ್ಷೆಗಳು ಸುಲಭ ಎಂದು ಹೇಳುವವರಿದ್ದಾರೆ. ಅರ್ಧ ಸತ್ಯ. ಅರ್ಥಶಾಸ್ತ್ರ ಎಲ್ಲಿಯೂ ಒಂದೇ. ಬೇಡಿಕೆಯ ರೇಖೆ ದಾವಣಗೆರೆಯಲ್ಲಿಯೂ ನ್ಯೂಜೆರ್ಸಿಯಲ್ಲಿಯೂ ಕೆಳಕ್ಕೇ ಇಳಿಯುತ್ತದೆ. ಲೆಕ್ಕಶಾಸ್ತ್ರದಲ್ಲಿ ಮಾತ್ರ ಹಳೆಯ ಅಭ್ಯಾಸಗಳು ಕೈ ಹಿಡಿದು ಎಳೆಯುತ್ತವೆ. ನಾವು ಕಲಿತ ಅಢಾವೆ ಪತ್ರಿಕೆಯಲ್ಲಿ ಹೊಣೆಗಳು ಎಡಕ್ಕೆ, ಆಸ್ತಿಗಳು ಬಲಕ್ಕೆ. ಇಲ್ಲಿ ಆಸ್ತಿಗಳೇ ಮೊದಲು. ನಮ್ಮ 'ಸಂಡ್ರಿ ಡೆಟರ್ಸ್' ಇಲ್ಲಿ 'ಅಕೌಂಟ್ಸ್ ರಿಸೀವಬಲ್'. ನಮಗೆ 'ಸ್ಟಾಕ್' ಎಂದರೆ ಗೋದಾಮಿನ ಸರಕು, ಇಲ್ಲಿ ಕಂಪನಿಯ ಷೇರು. ಆರು ವರ್ಷದ ಕೆಲಸದಿಂದ ಈ ಪದಗಳು ನಿಮಗೆ ಬಂದಿರುತ್ತವೆ. ಆದರೂ ಗಡಿಯಾರ ಓಡುತ್ತಿರುವಾಗ ಕಾಲೇಜಿನಲ್ಲಿ ಕಲಿತದ್ದೇ ಮೊದಲು ನಾಲಿಗೆಗೆ ಬರುತ್ತದೆ.

ಒಂದು ಲೆಕ್ಕವನ್ನೇ ನೋಡಿ, ನಿಮ್ಮ ಗೋದಾಮಿನದ್ದೇ ಆಗಲಿ. ಅಕ್ಕಿ ಮೂಟೆ ಮೊದಲ ಸಲ ಹತ್ತು ಕೊಂಡಿರಿ, ಒಂದಕ್ಕೆ 20 ಡಾಲರ್. ಎರಡನೆಯ ಸಲ ಹತ್ತು, ಒಂದಕ್ಕೆ 25. ಮಾರಿದ್ದು ಹನ್ನೆರಡು. ಮೊದಲು ಬಂದದ್ದು ಮೊದಲು ಹೋಯಿತು ಎಂದರೆ ಮಾರಿದ ಸರಕಿನ ವೆಚ್ಚ ಹತ್ತು ಇಪ್ಪತ್ತಲಿ ಇನ್ನೂರು, ಎರಡು ಇಪ್ಪತ್ತೈದಲಿ ಐವತ್ತು, ಒಟ್ಟು 250. ಕೊನೆಗೆ ಬಂದದ್ದು ಮೊದಲು ಹೋಯಿತು ಎಂದರೆ ಹತ್ತು ಇಪ್ಪತ್ತೈದಲಿ ಇನ್ನೂರೈವತ್ತು, ಎರಡು ಇಪ್ಪತ್ತಲಿ ನಲವತ್ತು, ಒಟ್ಟು 290. ಅದೇ ಅಕ್ಕಿ, ಅದೇ ಗಿರಾಕಿ. ಲಾಭದಲ್ಲಿ ಮಾತ್ರ 40 ಡಾಲರ್ ವ್ಯತ್ಯಾಸ. ಈ ಎರಡನೆಯ ಪದ್ಧತಿಯನ್ನು ಭಾರತದ ಲೆಕ್ಕಶಾಸ್ತ್ರ ಮಾನದಂಡ ಒಪ್ಪುವುದಿಲ್ಲ, ಅಮೆರಿಕ ಒಪ್ಪುತ್ತದೆ. ಬೆಲೆ ಏರುವ ಕಾಲದಲ್ಲಿ ಲಾಭ ಕಡಿಮೆ ತೋರಿ ತೆರಿಗೆ ಇಳಿಯುವುದರಿಂದ ಇಲ್ಲಿ ಅದಕ್ಕೆ ಬಳಕೆಯೂ ಇದೆ. ಪರೀಕ್ಷೆಯಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ ಎಂದುಕೊಂಡು ಸಿದ್ಧವಾಗಿ.

ವ್ಯವಹಾರ ಕಾನೂನಿನ ಪರೀಕ್ಷೆಯಲ್ಲಿ ಹಳೆಯ ವಿದ್ಯೆ ಸಹಾಯ ಮಾಡುವುದಕ್ಕಿಂತ ಹೆಚ್ಚಾಗಿ ಬೀಳಿಸುತ್ತದೆ. 1872ರ ಭಾರತೀಯ ಕರಾರು ಕಾಯಿದೆಯನ್ನು ನೀವು ಬಾಯಿಪಾಠ ಮಾಡಿರುತ್ತೀರಿ. ಅಪ್ರಾಪ್ತನ ಕರಾರು ಮೂಲದಿಂದಲೇ ಅಸಿಂಧು ಎಂದು 1903ರ ಮೊಹರಿ ಬೀಬಿ ಪ್ರಕರಣದ ಸಮೇತ ಬರೆದು ಅಂಕ ತೆಗೆದಿರುತ್ತೀರಿ. ಇಲ್ಲಿ ಹಾಗೆ ಬರೆದರೆ ತಪ್ಪು. ಇಲ್ಲಿ ಅಪ್ರಾಪ್ತನ ಕರಾರು ಸಾಮಾನ್ಯವಾಗಿ ಅವನ ಇಷ್ಟದ ಮೇಲೆ ರದ್ದಾಗಬಲ್ಲದು, ತಾನಾಗಿ ಅಸಿಂಧುವಲ್ಲ. ಹಿಂದೆ ಮಾಡಿಕೊಟ್ಟ ಉಪಕಾರ ನಮ್ಮಲ್ಲಿ ಕರಾರು ಸಿಂಧುವಾಗಲು ಬೇಕಾದ ಪ್ರತಿಫಲವಾಗಬಲ್ಲದು, ಇಲ್ಲಿ ಸಾಮಾನ್ಯವಾಗಿ ಆಗದು. ಇದೊಂದು ವಿಷಯವನ್ನು ಹೊಸದಾಗಿ, ಏನೂ ಗೊತ್ತಿಲ್ಲದವರಂತೆ ಓದಿ.

ಮೂರನೆಯದು ಆನ್‌ಲೈನ್ ಕೋರ್ಸುಗಳು. ಸೋಫಿಯಾ ಎಂಬ ಸಂಸ್ಥೆ ತಿಂಗಳಿಗೆ 99 ಡಾಲರ್ ಪಡೆದು, ಒಂದು ಸಲಕ್ಕೆ ಎರಡರಂತೆ ಎಷ್ಟು ಕೋರ್ಸ್ ಬೇಕಾದರೂ ಮುಗಿಸಲು ಬಿಡುತ್ತದೆ. ನಾಲ್ಕು ತಿಂಗಳಿಗೆ ಒಟ್ಟಿಗೆ ಕಟ್ಟಿದರೆ ಇನ್ನೂ ಅಗ್ಗ. ಪರೀಕ್ಷೆಗಳು ಪುಸ್ತಕ ತೆರೆದಿಟ್ಟು ಬರೆಯುವಂಥವು. ಕೆಲವು ಕೋರ್ಸುಗಳಲ್ಲಿ ಬರೆದು ಒಪ್ಪಿಸುವ ಪ್ರಬಂಧಗಳಿವೆ, ಅವುಗಳ ಮೌಲ್ಯಮಾಪನಕ್ಕೆ ಕೆಲವು ದಿನ ಹಿಡಿಯುತ್ತದೆ. ಆದ್ದರಿಂದ ಅವನ್ನು ತಿಂಗಳ ಮೊದಲ ವಾರವೇ ಒಪ್ಪಿಸಿ. ಸ್ಟಡಿ ಡಾಟ್ ಕಾಮ್ ದುಬಾರಿ, ಕೊನೆಯ ಪರೀಕ್ಷೆಯನ್ನು ಕ್ಯಾಮೆರಾ ಎದುರು ಕುಳಿತು ಬರೆಯಬೇಕು. ಆದರೆ ಅಲ್ಲಿ ಮೇಲ್ಮಟ್ಟದ ಕೋರ್ಸುಗಳು ಹೆಚ್ಚು ಸಿಗುತ್ತವೆ.

'ಮೇಲ್ಮಟ್ಟ' ಎಂಬ ಈ ಪದದಲ್ಲಿಯೇ ಹಲವರ ಯೋಜನೆ ಮುರಿದುಬೀಳುವುದು. ಕಾಲೇಜಿನ ಮೊದಲೆರಡು ವರ್ಷದ ಕೋರ್ಸುಗಳಿಗೆ 100, 200ರ ಸಾಲಿನ ಸಂಖ್ಯೆ, ಕೊನೆಯ ಎರಡು ವರ್ಷದವಕ್ಕೆ 300, 400ರ ಸಾಲು. ಬಿಸಿನೆಸ್ ಪದವಿಯಲ್ಲಿ ಮೂವತ್ತರ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚು ಕ್ರೆಡಿಟ್ ಮೇಲಿನ ಸಾಲಿನದೇ ಆಗಿರಬೇಕು. ಕ್ಲೆಪ್‌ನ ಬಹುತೇಕ ಎಲ್ಲವೂ ಕೆಳಸಾಲು, ಸೋಫಿಯಾದ ಹೆಚ್ಚಿನವು ಕೆಳಸಾಲು, ನಿಮ್ಮ ಬಿ.ಕಾಂ.ನ ಮೊದಲೆರಡು ವರ್ಷವೂ ಹೆಚ್ಚಾಗಿ ಕೆಳಸಾಲು. ಅಂದರೆ ಅಗ್ಗವಾಗಿ ಸಿಗುವುದೆಲ್ಲ ಮನೆಯ ತಳಪಾಯ. ಮೇಲಂತಸ್ತನ್ನು ಪದವಿ ಕೊಡುವ ಕಾಲೇಜಿನಲ್ಲಿಯೇ ಕಟ್ಟಬೇಕು. ನಿಮ್ಮ ದುಡ್ಡು ಮತ್ತು ಕಾಲ ನಿಜವಾಗಿ ಖರ್ಚಾಗುವುದು ಅಲ್ಲಿಯೇ. ಆದ್ದರಿಂದ ಕಾಲೇಜಿನ ಆಯ್ಕೆಯನ್ನು ಮೇಲಂತಸ್ತಿನ ಬೆಲೆ ನೋಡಿ ಮಾಡಬೇಕು.

ಯಾವ ಕಾಲೇಜು? ಹೊರಗಿನ ಕ್ರೆಡಿಟ್‌ಗಳನ್ನು ಧಾರಾಳವಾಗಿ ಒಪ್ಪುವ ಮೂರು ಹಳೆಯ ಸಂಸ್ಥೆಗಳಿವೆ. ನ್ಯೂಯಾರ್ಕಿನ ಆಲ್ಬನಿಯ ಎಕ್ಸೆಲ್ಸಿಯರ್ 1971ರಲ್ಲಿ, ನಿಮ್ಮದೇ ರಾಜ್ಯದ ಥಾಮಸ್ ಎಡಿಸನ್ ಸ್ಟೇಟ್ ಯೂನಿವರ್ಸಿಟಿ 1972ರಲ್ಲಿ, ಕನೆಟಿಕಟ್‌ನ ಚಾರ್ಟರ್ ಓಕ್ 1973ರಲ್ಲಿ ಹುಟ್ಟಿದವು. ಎಲ್ಲಿ ಕಲಿತೆ ಎಂಬುದಕ್ಕಿಂತ ಏನು ಕಲಿತೆ ಎಂಬುದು ಮುಖ್ಯ ಎಂದು ನಂಬಿ, ದುಡಿಯುವ ವಯಸ್ಕರಿಗಾಗಿಯೇ ಕಟ್ಟಿದ ಸಂಸ್ಥೆಗಳು. ನೀವಿರುವ ಎಡಿಸನ್‌ನಲ್ಲಿ ರೈಲು ಹತ್ತಿದರೆ ಆ ಮಾರ್ಗದ ಕೊನೆಯ ನಿಲ್ದಾಣ ಟ್ರೆಂಟನ್, ಆ ವಿಶ್ವವಿದ್ಯಾಲಯದ ಊರು. ನಿಮ್ಮ ಊರಿಗೂ ಆ ವಿದ್ಯಾಸಂಸ್ಥೆಗೂ ಹೆಸರು ಕೊಟ್ಟ ಎಡಿಸನ್ ಕಾಲೇಜು ಪದವಿ ಪಡೆದವರಲ್ಲ ಎಂಬುದು ನನಗೆ ಯಾವಾಗಲೂ ಹಿಡಿಸುವ ಸಂಗತಿ. ಲೆಕ್ಕಪತ್ರದಲ್ಲಿ ನಿಮಗಿರುವ ಅನುಭವವನ್ನು ದಾಖಲೆಗಳ ಸಮೇತ ಮಂಡಿಸಿ ಕ್ರೆಡಿಟ್ ಕೇಳುವ ಅವಕಾಶವೂ ಇಂಥ ಕಡೆ ಇರುತ್ತದೆ. ಆದರೆ ಈ ಮೂರರಲ್ಲಿ ಕೋರ್ಸಿಗಿಷ್ಟು ಎಂದು ಶುಲ್ಕ. ಹೊರಗಿನಿಂದ ತರಲಾಗದ ಕೋರ್ಸುಗಳು ಹೆಚ್ಚಿದಷ್ಟೂ ಬಿಲ್ಲು ಬೆಳೆಯುತ್ತದೆ.

ಇನ್ನೊಂದು ಬಗೆಯಲ್ಲಿ ಅವಧಿಗೆ ಒಂದೇ ಶುಲ್ಕ. ಅಷ್ಟರೊಳಗೆ ನಿಮ್ಮ ಶಕ್ತಿಯಿದ್ದಷ್ಟು ಕೋರ್ಸ್ ಮುಗಿಸಬಹುದು. ಹತ್ತೊಂಬತ್ತು ರಾಜ್ಯಪಾಲರು ಸೇರಿ 1997ರಲ್ಲಿ ಸ್ಥಾಪಿಸಿದ ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯದು ಆರು ತಿಂಗಳ ಅವಧಿ, ಸುಮಾರು ನಾಲ್ಕು ಸಾವಿರ ಡಾಲರ್. ಕೆನಡಾ ಗಡಿಯ ಪಕ್ಕದ ಪುಟ್ಟ ಊರಿನಲ್ಲಿರುವ ಯೂನಿವರ್ಸಿಟಿ ಆಫ್ ಮೇನ್ ಅಟ್ ಪ್ರೆಸ್ಕ್ ಐಲ್ 'ಯುವರ್‌ಪೇಸ್' ಎಂಬ ಹೆಸರಿನಲ್ಲಿ ಎಂಟು ವಾರದ ಅವಧಿಗಳನ್ನು ನಡೆಸುತ್ತದೆ. ಈಚಿನ ಶುಲ್ಕ ಅವಧಿಗೆ 1,800 ಡಾಲರಿನ ಆಸುಪಾಸು. ಹೊರಗಿನಿಂದ 90 ಕ್ರೆಡಿಟ್‌ವರೆಗೆ ತರಬಹುದು, 30ನ್ನು ಅಲ್ಲಿಯೇ ಗಳಿಸಬೇಕು. ಎರಡೂ ಮಾನ್ಯತೆ ಪಡೆದ, ಲಾಭಕ್ಕಾಗಿ ನಡೆಯದ ಸಂಸ್ಥೆಗಳು.

ನಿಮಗೆ ನನ್ನ ಒಲವು ಈ ಎಂಟು ವಾರದ ಪದ್ಧತಿಯ ಕಡೆಗೆ. ಮಕ್ಕಳಿಗೆ ಜ್ವರ ಬಂದು ಎರಡು ವಾರ ಹೋದರೆ ಆರು ತಿಂಗಳ ಲೆಕ್ಕ ಕೆಡುವುದಿಲ್ಲ, ವರ್ಷಾಂತ್ಯದ ಲೆಕ್ಕ ಮುಗಿಸುವ ತಿಂಗಳು ಕಚೇರಿಯಲ್ಲಿ ಉಸಿರಾಡಲು ಬಿಡುವಿಲ್ಲದಾಗ ಒಂದು ಅವಧಿಯನ್ನು ಬಿಟ್ಟುಬಿಡಬಹುದು. ಬಿಡುವ ಮುನ್ನ ಕಾಲೇಜಿನ ನಿಯಮ ಕೇಳಿ, ನೆರವಿನ ಹಣದ ಮೇಲೆ ಅದರ ಪರಿಣಾಮವಿರುತ್ತದೆ.

ಈಗ ಲೆಕ್ಕ ಹಾಕೋಣ. ಬಿ.ಕಾಂ.ನಿಂದ 45 ಒಪ್ಪಿದರು ಎಂದುಕೊಳ್ಳಿ. ಸೋಫಿಯಾದಲ್ಲಿ ಎಂಟು ಕೋರ್ಸು, 24. ಕ್ಲೆಪ್‌ನಲ್ಲಿ ನಾಲ್ಕು ಪರೀಕ್ಷೆ, 12. ಒಟ್ಟು 81. ಉಳಿದ 39 ಅಂದರೆ ಹದಿಮೂರು ಕೋರ್ಸು. ಎಂಟು ವಾರಕ್ಕೆ ಮೂರೋ ನಾಲ್ಕೋ ಎಂದರೆ ನಾಲ್ಕು ಅವಧಿ, ಸುಮಾರು 7,200 ಡಾಲರ್. ಮೌಲ್ಯಮಾಪನ, ಸೋಫಿಯಾ, ಪರೀಕ್ಷಾ ಶುಲ್ಕ ಸೇರಿ ಇನ್ನೊಂದು ಸಾವಿರ. ಸಮಯ: ಮೊದಲ ಭಾಗಕ್ಕೆ ಐದು ತಿಂಗಳು, ಎರಡನೆಯದಕ್ಕೆ ಎಂಟು ಒಂಬತ್ತು ತಿಂಗಳು, ನಡುವೆ ಕಾಗದಪತ್ರ ಓಡಾಡಲು ಒಂದು ತಿಂಗಳು. ರಾಜ್ಯದ ನಾಲ್ಕು ವರ್ಷದ ಸರ್ಕಾರಿ ಕಾಲೇಜುಗಳಲ್ಲಿ ಸ್ಥಳೀಯರಿಗೂ ಬೋಧನಾ ಶುಲ್ಕ ದೇಶದ ಸರಾಸರಿಯಲ್ಲಿ ವರ್ಷಕ್ಕೆ ಹನ್ನೊಂದು ಸಾವಿರ ದಾಟಿರುವಾಗ ಇದು ದೊಡ್ಡ ಉಳಿತಾಯ.

ಹಾಗೆ ನೋಡಿದರೆ ನಿಮ್ಮ ಕೈಯಿಂದ ಇದೂ ಹೋಗಬೇಕಿಲ್ಲ. ಗ್ರೀನ್ ಕಾರ್ಡ್ ಬಂದಿರುವುದರಿಂದ ಫೆಡರಲ್ ನೆರವಿಗೆ ಅರ್ಜಿ ಹಾಕುವ ಹಕ್ಕು ನಿಮಗಿದೆ. ಪೆಲ್ ಅನುದಾನ 2025–26ರಲ್ಲಿ ವರ್ಷಕ್ಕೆ ಗರಿಷ್ಠ 7,395 ಡಾಲರ್. ಮನೆಯ ಆದಾಯ ನೋಡಿ ಕೊಡುತ್ತಾರೆ, ಮರಳಿ ಕಟ್ಟಬೇಕಿಲ್ಲ. ಇದು ಮೊದಲ ಪದವಿ ಓದುವವರಿಗೆ ಮಾತ್ರ. ಊರಿನಲ್ಲಿ ಬಿ.ಕಾಂ. ಪೂರ್ತಿ ಮುಗಿಸಿ ಬಂದವರಿಗೆ ಇದು ಸಿಗದು, ವಿದೇಶಿ ಪದವಿಯೂ ಪದವಿಯೇ ಎಂದು ಲೆಕ್ಕ. ಇಷ್ಟು ವರ್ಷ ನಿಮ್ಮನ್ನು ಕೊರೆದ ಆ ಅಪೂರ್ಣತೆಯೇ ಇಲ್ಲಿ ನಿಮ್ಮ ಪರವಾಗಿ ನಿಲ್ಲುತ್ತದೆ. ಸೋಫಿಯಾ, ಕ್ಲೆಪ್‌ಗಳಿಗೆ ಈ ಹಣ ಬಳಸಲಾಗದು, ಅವು ಕಾಲೇಜುಗಳಲ್ಲ. ಇನ್ನೊಂದು: ಉದ್ಯೋಗಿಯ ಓದಿಗೆ ಕಂಪನಿ ವರ್ಷಕ್ಕೆ 5,250 ಡಾಲರ್‌ವರೆಗೆ ಕೊಟ್ಟರೆ ಅದಕ್ಕೆ ನೀವು ತೆರಿಗೆ ಕಟ್ಟಬೇಕಿಲ್ಲ. ಪದವಿಯಿಲ್ಲ ಎಂದು ಬಡ್ತಿ ತಪ್ಪಿಸಿದ ಕಂಪನಿಗೆ, ಅಂಥ ಯೋಜನೆ ನಿಮ್ಮಲ್ಲಿದೆಯೇ ಎಂದು ಕೇಳುವ ನೈತಿಕ ಹಕ್ಕು ನಿಮಗೆ ಪೂರ್ತಿಯಾಗಿದೆ. ಬರಹದಲ್ಲಿ ಕೇಳಿ. ಈ ಪದವಿ ಬಂದರೆ ಆ ಹುದ್ದೆಗೆ ಅರ್ಹತೆ ಎಂದು ಒಪ್ಪುತ್ತೀರಾ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿ.

ವೇಗದ ಬಗ್ಗೆ ಮನಸ್ಸು ಬಿಚ್ಚಿ ಒಂದು ಮಾತು. ಗೊತ್ತಿರುವುದನ್ನು ಬೇಗ ಮುಗಿಸುವುದು ನ್ಯಾಯ. ಆರು ವರ್ಷ ಲೆಕ್ಕ ಬರೆದವರನ್ನು ಡೆಬಿಟ್ ಎಂದರೇನು ಎಂದು ಹದಿನಾರು ವಾರ ಕೂರಿಸುವುದು ಅನ್ಯಾಯ. ಆದರೆ ಗೊತ್ತಿಲ್ಲದ್ದನ್ನು ಬೇಗ ಮುಗಿಸಬೇಡಿ. ಸಂಖ್ಯಾಶಾಸ್ತ್ರ, ಕಾರ್ಪೊರೇಟ್ ಹಣಕಾಸು, ವ್ಯವಸ್ಥಾಪನಾ ಲೆಕ್ಕಶಾಸ್ತ್ರ ಈ ಮೂರನ್ನು ನಿಧಾನವಾಗಿ, ಕೈಯಾರೆ ಲೆಕ್ಕ ಮಾಡುತ್ತ ಓದಿ. ಪುಸ್ತಕ ತೆರೆದಿಟ್ಟು ಉತ್ತರ ಹುಡುಕಿ ಒಂದೇ ವಾರಾಂತ್ಯದಲ್ಲಿ ದಾಟಬಹುದು ನಿಜ. ಆದರೆ ಮೇಲಿನ ಕುರ್ಚಿಯಲ್ಲಿ ಕುಳಿತ ಮೊದಲ ತಿಂಗಳೇ ಮುಂದಿನ ವರ್ಷದ ಬಜೆಟ್ ಮಾಡಿ ಎನ್ನುತ್ತಾರೆ. ಆಗ ಅಂಕಪಟ್ಟಿ ಯಾರೂ ಕೇಳುವುದಿಲ್ಲ. ಇಂಗ್ಲಿಷ್ ಬರವಣಿಗೆಯ ಕೋರ್ಸನ್ನೂ ಓಡಿಸಬೇಡಿ. ಎಂಟು ವಾರದ ಪದ್ಧತಿಯಲ್ಲಿ ಮೇಲಂತಸ್ತಿನ ಹೆಚ್ಚಿನ ಕೋರ್ಸುಗಳು ಬರಹದ ಮೇಲೆಯೇ ನಿಂತಿವೆ. ಬರವಣಿಗೆ ಹಿಡಿತಕ್ಕೆ ಬಂದವರು ವಾರದಲ್ಲಿ ಒಪ್ಪಿಸುವುದನ್ನು ಬಾರದವರು ತಿಂಗಳಾದರೂ ತಿದ್ದುತ್ತಿರುತ್ತಾರೆ.

ಮೋಸದ ಪ್ರಶ್ನೆಗೆ ಬರುತ್ತೇನೆ. 'ನಿಮ್ಮ ಜೀವನಾನುಭವಕ್ಕೆ ಪದವಿ' ಎಂದು ಇಡೀ ಪದವಿಯನ್ನೇ ಮಾರುವವರಿದ್ದಾರೆ. ಕರಾಚಿಯ ಆಕ್ಸಾಕ್ಟ್ ಎಂಬ ಕಂಪನಿ ನೂರಾರು ಸುಳ್ಳು ವಿದ್ಯಾಸಂಸ್ಥೆಗಳ ಹೆಸರಿನಲ್ಲಿ ಇಂಥ ವ್ಯಾಪಾರ ನಡೆಸಿದ್ದು 2015ರಲ್ಲಿ ಬಯಲಾಯಿತು. ಪರೀಕ್ಷೆ ಸರಳ. ಅಮೆರಿಕದ ಶಿಕ್ಷಣ ಇಲಾಖೆಯ ಮಾನ್ಯತಾ ಪಟ್ಟಿಯಲ್ಲಿ ಅಥವಾ ಉನ್ನತ ಶಿಕ್ಷಣದ ಮಾನ್ಯತೆ ನೋಡಿಕೊಳ್ಳುವ ಸಿಎಚ್‌ಇಎ ಎಂಬ ಮಂಡಳಿಯ ಪಟ್ಟಿಯಲ್ಲಿ ಕಾಲೇಜಿನ ಹೆಸರು ಹುಡುಕಿ. ಮಿಡಲ್ ಸ್ಟೇಟ್ಸ್, ನ್ಯೂ ಇಂಗ್ಲೆಂಡ್, ನಾರ್ತ್‌ವೆಸ್ಟ್ ಮುಂತಾದ ಆಯೋಗಗಳ ಮಾನ್ಯತೆ ಇದ್ದರೆ ಸರಿ. ನಾನು ಹೆಸರಿಸಿದ ಐದಕ್ಕೂ ಇದೆ. ಎಎಸಿಎಸ್‌ಬಿ ಎಂಬುದು ಬಿಸಿನೆಸ್ ಶಾಲೆಗಳಿಗೇ ಮೀಸಲಾದ ಇನ್ನೊಂದು ಮುದ್ರೆ. ಇಂಥ ವೇಗದ ಕಾರ್ಯಕ್ರಮಗಳಲ್ಲಿ ಹೆಚ್ಚಿನವಕ್ಕೆ ಅದು ಇರುವುದಿಲ್ಲ. ಮುಂದೆ ಹೆಸರಾಂತ ಶಾಲೆಯಲ್ಲಿ ಎಂ.ಬಿ.ಎ. ಮಾಡುವ ಆಸೆಯಿದ್ದರೆ ಈಗಲೇ ಯೋಚಿಸಿ, ಕಂಪನಿಯೊಳಗಿನ ಬಡ್ತಿಗೆ ಅದು ಬೇಕಾಗುವುದು ತೀರ ಅಪರೂಪ.

ಎರಡು ಕಡೆ ಎಚ್ಚರ ಬೇಕು. ಸಿಪಿಎ, ಅಂದರೆ ರಾಜ್ಯದ ಪರವಾನಗಿ ಪಡೆದ ಲೆಕ್ಕಿಗರು, ಆಗುವ ಯೋಚನೆಯಿದ್ದರೆ, ಲೆಕ್ಕಶಾಸ್ತ್ರದ ಕ್ರೆಡಿಟ್‌ಗಳು ಎಲ್ಲಿಂದ ಬಂದವು ಎಂದು ರಾಜ್ಯದ ಮಂಡಳಿ ಕೇಳುತ್ತದೆ. ಪರೀಕ್ಷೆಯಿಂದ ಬಂದವನ್ನು ಕೆಲವು ಮಂಡಳಿಗಳು ಒಪ್ಪುವುದಿಲ್ಲ. ಹಾಗಿದ್ದರೆ ಆ ವಿಷಯಗಳನ್ನು ಪದವಿ ಕಾಲೇಜಿನಲ್ಲಿಯೇ ಓದಿ, ಅರ್ಥಶಾಸ್ತ್ರ, ಮಾರ್ಕೆಟಿಂಗ್‌ಗಳನ್ನು ಹೊರಗಿನಿಂದ ತನ್ನಿ. ಊರಿಗೆ ಮರಳಿ ಸರ್ಕಾರಿ ಕೆಲಸಕ್ಕೋ ಅಲ್ಲಿಯ ಸ್ನಾತಕೋತ್ತರಕ್ಕೋ ಸೇರುವ ಇರಾದೆಯಿದ್ದರೆ, ಭಾರತದಲ್ಲಿ ಸಮಾನತಾ ಪ್ರಮಾಣಪತ್ರ ಬೇಕಾಗುತ್ತದೆ. ಈ ಕೆಲಸವನ್ನು ಬಹುಕಾಲ ಮಾಡಿಕೊಂಡು ಬಂದ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ, ತರಗತಿಯಲ್ಲಿ ಕುಳಿತು ಓದಿದ ಪೂರ್ಣಾವಧಿ ಪದವಿಯನ್ನೇ ನಿರೀಕ್ಷಿಸುತ್ತ ಬಂದಿದೆ. ಆನ್‌ಲೈನ್ ಪದವಿಗೆ ಅಲ್ಲಿ ಬಾಗಿಲು ಸಲೀಸಾಗಿ ತೆರೆಯುವುದಿಲ್ಲ. ಅಮೆರಿಕದಲ್ಲಿಯೇ ದುಡಿಯುವವರಿಗೆ ಇದು ತೊಡಕಲ್ಲ.

ಈ ತಿಂಗಳ ಕೆಲಸ ಇಷ್ಟು. ಎರಡು ಕಾಲೇಜುಗಳನ್ನು ಆರಿಸಿ ಅವುಗಳ ಬಿಸಿನೆಸ್ ಪದವಿ ನಕ್ಷೆಯನ್ನು ಮುದ್ರಿಸಿಕೊಳ್ಳಿ. ಅಂಕಪಟ್ಟಿ ಎದುರಿಗಿಟ್ಟುಕೊಂಡು ನಿಮ್ಮ ಊಹೆಯ ಪ್ರಕಾರ ಪೆನ್ಸಿಲ್‌ನಲ್ಲಿ ಖಾನೆ ತುಂಬಿ. ಆಮೇಲೆ ಎರಡೂ ಕಾಲೇಜಿನ ಪ್ರವೇಶ ಸಲಹೆಗಾರರಿಗೆ ಮಿಂಚಂಚೆ ಬರೆದು ನಾಲ್ಕು ಪ್ರಶ್ನೆ ಕೇಳಿ: ನನ್ನ ವಿದೇಶಿ ಓದಿಗೆ ಯಾವ ಸಂಸ್ಥೆಯ ವರದಿ ಬೇಕು, ಸೋಫಿಯಾ ಮತ್ತು ಕ್ಲೆಪ್‌ನ ಯಾವ ಕೋರ್ಸು ನಿಮ್ಮ ಯಾವ ಕೋರ್ಸಿಗೆ ಸಮ, ಹೊರಗಿನ ಕ್ರೆಡಿಟ್‌ಗೆ ಮಿತಿಯೆಷ್ಟು, ನಾನು ಸೇರಿದ ಮೇಲೆಯೂ ಹೊರಗಿನಿಂದ ತರಬಹುದೇ. ಕೊನೆಯ ಪ್ರಶ್ನೆ ಚಿಕ್ಕದೆಂದು ಬಿಡಬೇಡಿ. ಸೇರಿದ ದಿನದಿಂದ ಹೊರಗಿನ ಕ್ರೆಡಿಟ್‌ಗೆ ಬಾಗಿಲು ಹಾಕುವ ಕಾಲೇಜುಗಳಿವೆ. ಫೋನಿನಲ್ಲಿ ಹೇಳಿದ ಉತ್ತರವನ್ನು ನೆಚ್ಚಬೇಡಿ, ಬರಹದಲ್ಲಿ ಬಂದದ್ದನ್ನು ಜೋಪಾನವಾಗಿಡಿ. ಉತ್ತರ ಬರುವವರೆಗೆ ಸೋಫಿಯಾಗೆ ಒಂದು ಡಾಲರನ್ನೂ ಕಟ್ಟಬೇಡಿ. ಮಾಡರ್ನ್ ಸ್ಟೇಟ್ಸ್‌ನ ಅರ್ಥಶಾಸ್ತ್ರದ ಪಾಠ ಉಚಿತ, ಅದನ್ನು ಇಂದು ರಾತ್ರಿಯೇ ತೆರೆಯಬಹುದು.

ಇದೆಲ್ಲಕ್ಕಿಂತ ಮೊದಲು ಊರಿಗೆ ಫೋನು ಮಾಡಿ, ಶಂಕರಘಟ್ಟಕ್ಕೆ ಹೋಗಿ ದಾಖಲೆಗೆ ಅರ್ಜಿ ಕೊಡುವವರು ಯಾರೆಂದು ಗೊತ್ತುಮಾಡಿ. ಮೌಲ್ಯಮಾಪನ ಸಂಸ್ಥೆ ಕೊಡುವ ಉಲ್ಲೇಖ ಸಂಖ್ಯೆ ಲಕೋಟೆಯ ಮೇಲಿರಬೇಕು, ವಿಶ್ವವಿದ್ಯಾಲಯವೇ ಮೊಹರು ಹಾಕಿ ಅಥವಾ ಆನ್‌ಲೈನ್‌ನಲ್ಲಿ ನೇರವಾಗಿ ಕಳುಹಿಸಬೇಕು, ಎರಡೂ ವರ್ಷದ ಎಲ್ಲ ಪತ್ರಿಕೆಗಳು, ಕನ್ನಡವೂ ಸೇರಿ, ಅದರಲ್ಲಿರಬೇಕು. ಉಳಿದ ಕೆಲಸಗಳು ನಿಮ್ಮ ಕೈಯಲ್ಲಿವೆ, ಬೇಕಾದಾಗ ವೇಗ ಹೆಚ್ಚಿಸಬಹುದು. ಅದೊಂದು ಮಾತ್ರ ತನ್ನ ಕಾಲ ತಾನು ತೆಗೆದುಕೊಳ್ಳುತ್ತದೆ.